ಅಟ್ಟದ ಕಾಯಿ, ಮರಳುಗಾಡಿನ ವಾರ

ಅಟ್ಟದಿಂದ ಕಾಯಿ ಇಳಿಸುವ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಉಟ್ಟ ಸೀರೆಯಿಂದ ಹಿಡಿದು ಕುದಿಯುವ ಸಾರಿನವರೆಗೆ ಎಲ್ಲಕ್ಕೂ ಕೊಬ್ಬರಿಯದೇ ವಾಸನೆ. ತಿಪಟೂರು ಸೀಮೆಯವರಿಗೆ ಅದು ವಾಸನೆಯೇ ಅಲ್ಲ, ಗಾಳಿ. ಹೊರಗಿನಿಂದ ಬಂದವರು ಮೂಗರಳಿಸಿ "ಆಹಾ" ಎಂದಾಗಲೇ ನಮಗೆ ಅದು ಇದೆಯೆಂದು ನೆನಪಾಗುವುದು. ಮೊನ್ನೆ ಮಾತ್ರ ಆ ವಾಸನೆಯ ನಡುವೆ ಇನ್ನೊಂದು ನನ್ನನ್ನು ಹಿಡಿದು ನಿಲ್ಲಿಸಿತು. ಕಾಯಿ ಇಳಿಸುವಾಗ ಧೂಳಾಗುತ್ತದೆಂದು ಗೂಡಿನ ಪುಸ್ತಕಗಳನ್ನು ತೆಗೆದು ಚಾಪೆಯ ಮೇಲಿಡುತ್ತಿದ್ದೆ. ದಪ್ಪನೆಯ ಕಾದಂಬರಿಯೊಂದು ಕೈಜಾರಿ ಬಿತ್ತು. ಅದರ ಬೆನ್ನಿನ ಸಂದಿಯಿಂದ ಒಂದು ಚಿಟಿಕೆ ಮರಳು ನೆಲಕ್ಕೆ ಸುರಿಯಿತು. ಹಳದಿ ಬಣ್ಣದ, ಹಿಟ್ಟಿನಷ್ಟು ನಯವಾದ ಮರಳು. ನಮ್ಮ ಹಳ್ಳದ್ದಲ್ಲ. ಅದನ್ನು ಬೆರಳಲ್ಲಿ ಉಜ್ಜುತ್ತ ಕೂತೆ. ಮಂಗಳಕ್ಕನ ನೆನಪು ಒತ್ತರಿಸಿಕೊಂಡು ಬಂತು. ನೆನಪು ಎನ್ನಲು ನಾಚಿಕೆಯಾಗುತ್ತದೆ, ಯಾಕೆಂದರೆ ಅವಳಿರುವುದು ಗೋಡೆಯ ಆಚೆ ಬದಿಗೆ. ಅವಳ ಒಗ್ಗರಣೆ ಸಿಡಿದರೆ ಇಲ್ಲಿ ನನಗೆ ಸೀನು ಬರುತ್ತದೆ.

ಮಂಗಳಕ್ಕ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಹಾಲ್ಕುರಿಕೆ ಪಕ್ಕದ ಈ ಊರಿಗೆ ನಾನು ಕಿರಿ ಸೊಸೆಯಾಗಿ ಬಂದಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಪುಸ್ತಕ ಬಚ್ಚಿಟ್ಟುಕೊಂಡು ಬಂದಿದ್ದೆ. ಓದುವ ಸೊಸೆ ಎಂದರೆ ಕೆಲಸಗಳ್ಳಿ ಎಂದುಕೊಂಡಾರು ಅನ್ನುವ ಹೆದರಿಕೆ. ವಾರ ಕಳೆಯುವುದರೊಳಗೆ ಮಂಗಳಕ್ಕ ಟ್ರಂಕು ತಡಕಿ ಅದನ್ನು ಹೊರಗೆಳೆದಳು. ಬೈಗುಳ ಕಾದು ನಿಂತಿದ್ದೆ. "ಇದನ್ನ ಓದಿದ್ದಾಯ್ತಾ? ಆಗಿದ್ರೆ ನಂಗೆ ಕೊಡು. ಆಗಿಲ್ದಿದ್ರೆ ಇವತ್ತೇ ಮುಗ್ಸು" ಅಂದಳು. ಆ ಘಳಿಗೆಯಿಂದ ನನಗೆ ಗಂಡನ ಮನೆ ನನ್ನ ಮನೆಯಾಯಿತು. ಗಂಡನಿಗೆ ಇದನ್ನು ಹೇಳಿದರೆ ಈಗಲೂ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಕೊಬ್ಬರಿ ಮನೆಯಲ್ಲಿ ಹೆಂಗಸರಿಗೆ ಇಬ್ಬರೂ ಕೈಕಟ್ಟಿ ಕೂತು ಓದುವಷ್ಟು ಬಿಡುವು ಎಲ್ಲಿಯದು? ಹಾಗಾಗಿ ಒಂದು ಪದ್ಧತಿ ಮಾಡಿಕೊಂಡೆವು. ಒಬ್ಬಳು ಕೊಬ್ಬರಿ ಉಂಡೆಗೆ ಅಂಟಿದ ಚಿಪ್ಪಿನ ಚೂರು ಕೆರೆಯುತ್ತ ಕೂರುವುದು, ಇನ್ನೊಬ್ಬಳು ಗಟ್ಟಿಯಾಗಿ ಓದುವುದು. ಕೇಳುವವಳು ಹೂಂಗುಟ್ಟಬೇಕು. ಇದು ನಮ್ಮ ಅತ್ತೆಯ ಕಟ್ಟಳೆ. ಅವರಜ್ಜಿ ಕಥೆ ಹೇಳುವಾಗ ಹೂಂ ನಿಂತರೆ ಕಥೆಯನ್ನೂ ಅಲ್ಲಿಗೇ ನಿಲ್ಲಿಸುತ್ತಿದ್ದರಂತೆ. ಮಂಗಳಕ್ಕನ ಹೂಂಕಾರದಲ್ಲಿ ಎಷ್ಟು ಬಗೆ! ಸುಮ್ಮನೆ ಕೇಳಿಸಿಕೊಳ್ಳುವ ಹೂಂ, 'ಇದ್ಯಾಕೋ ನಂಬೋ ಹಾಗಿಲ್ಲ' ಅನ್ನುವ ಎಳೆದ ಹೂಂ, ಕಥಾನಾಯಕ ಪೆದ್ದುಪೆದ್ದಾಗಿ ಆಡಿದಾಗ ಮೂಗಿನಿಂದ ಬರುವ ಸಿಟ್ಟಿನ ಹೂಂ. ರಸವತ್ತಾದ ಜಾಗದಲ್ಲಿ ನಾನು ಬೇಕೆಂದೇ ನಿಲ್ಲಿಸಿ ನೀರು ಕುಡಿಯಲು ಎದ್ದರೆ ಅವಳಿಗೆ ಕೆಂಡದಂಥ ಕೋಪ. "ಬಾಯಿ ಮುಚ್ಕೊಂಡು ಓದೇ!" ಎಂದು ಗದರುತ್ತಿದ್ದಳು. ಬಾಯಿ ಮುಚ್ಚಿಕೊಂಡು ಗಟ್ಟಿಯಾಗಿ ಓದುವುದು ಹೇಗೆಂದು ಅವಳೇ ಹೇಳಬೇಕು. ಆ ಬೈಗುಳಕ್ಕಾಗಿಯೇ ನಾನು ಎಷ್ಟೋ ಸಲ ಬಾಯಾರಿಕೆಯಿಲ್ಲದೆ ನೀರು ಕುಡಿದಿದ್ದೇನೆ.

ಮೊಬೈಲು ಬಂದ ಮೇಲಂತೂ ನಮ್ಮನ್ನು ಹಿಡಿಯುವವರೇ ಇರಲಿಲ್ಲ. ಹೊಸ ಪುಸ್ತಕ ಬಂತೆಂದು ವಾಟ್ಸಾಪಿನಲ್ಲಿ ಸುದ್ದಿ ಬಿದ್ದ ದಿನವೇ ಆರ್ಡರ್. ಪಾರ್ಸೆಲ್ಲು ತಿಪಟೂರಿನ ಪರಿಚಯದ ಗೊಬ್ಬರದಂಗಡಿಗೆ ಬಂದು, ಅಲ್ಲಿಂದ ಗೊಬ್ಬರದ ಮೂಟೆಯ ಜೊತೆ ಮನೆ ಸೇರುತ್ತಿತ್ತು. ಆ ಕಾಲದಲ್ಲಿ ನಾವು ಓದಿದ ಎಲ್ಲ ಹೊಸ ಸಾಹಿತ್ಯಕ್ಕೂ ಯೂರಿಯಾ ಘಾಟು.

ಹೀಗಿರುವಾಗ ಒಂದು ಗೌರಿ ಹಬ್ಬದ ಮಾರನೇ ದಿನ ಅಣ್ಣತಮ್ಮ ಕೂತು ಪಾಲಿನ ಮಾತು ಎತ್ತಿದರು. ಆಗ ಜಗಳವೇನೂ ಇರಲಿಲ್ಲ. ಮಕ್ಕಳು ಬೆಳೆದಿದ್ದಾರೆ, ಪ್ರೀತಿ ಇದ್ದಾಗಲೇ ಬೇರೆಯಾದರೆ ಚೆನ್ನ ಎಂದರು. ತೋಟಕ್ಕೆ ಬದು, ಮನೆಗೆ ನಡುಮನೆಯ ಮಧ್ಯದಿಂದ ಒಂದು ಗೋಡೆ. ಗೋಡೆಯ ಮಾತು ಬಂದಾಗ ನಾನೂ ಮಂಗಳಕ್ಕನೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಬಳೆ ಒತ್ತಿ ನೋವಾದರೂ ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಆಗ ಅತ್ತೆ ಬಾಯಿ ಬಿಟ್ಟರು. "ಅಟ್ಟದ ಮ್ಯಾಲೆ ಕಾಯವೆ ಕಣ್ರಪ್ಪ. ಕಾಯಿ ಇಳಿಯೋಗಂಟ ಒಂದು ಇಟ್ಟಿಗೇನೂ ಈ ಮನೆಗೆ ತರಂಗಿಲ್ಲ."

ಅದಕ್ಕೆ ಎದುರಾಡುವ ಗಂಡಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಅಟ್ಟಕ್ಕೇರಿಸಿದ ತೆಂಗಿನಕಾಯಿ ಕೊಬ್ಬರಿಯಾಗಲು ಹೆಚ್ಚುಕಮ್ಮಿ ವರ್ಷ ಬೇಕು. ಅಷ್ಟು ದಿನ ಅದನ್ನು ಕದಲಿಸಬಾರದು, ಕುಲುಕಬಾರದು, ಅದರ ಕೆಳಗೆ ಸುತ್ತಿಗೆ ಬಡಿಯಬಾರದು. ಚಿಪ್ಪಿನೊಳಗಿನ ನೀರು ತನ್ನಷ್ಟಕ್ಕೆ ಬತ್ತಬೇಕು. ಪರೀಕ್ಷೆಗೆಂದು ಮೇಲಿನ ಒಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೊದಮೊದಲು ಕುಳುಕುಳು ಅನ್ನುತ್ತದೆ. ಆಮೇಲೆ ಆ ಸದ್ದು ಸಣ್ಣಗಾಗುತ್ತದೆ. ಕೊನೆಗೊಂದು ದಿನ ನೀರಿನ ಸದ್ದೇ ಇಲ್ಲ, ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಅನ್ನುತ್ತದೆ. ಆಗ ಅದು ಗಿಟುಕಾಯಿತು ಎನ್ನುತ್ತೇವೆ. ಯುಗಾದಿಯ ಹೊತ್ತಿಗೆ ಏರಿಸಿದ ಕಾಯಿ ಅದು. ಶಿವರಾತ್ರಿ ಕಳೆಯದೆ ಇಳಿಯುವಂತಿರಲಿಲ್ಲ. ಆ ಕಾಯಿಯ ನೀರು ಇರುವಷ್ಟು ದಿನ ನಮಗೆ ಒಂದೇ ಮನೆ.

ಊರೆಲ್ಲ ಕಾಯಿ ಬೇಗ ಒಣಗಲಿ ಎಂದು ಕಾಯುವಾಗ ನಾವಿಬ್ಬರು ಮಾತ್ರ ನೀರು ಬತ್ತದಿರಲಿ ಎಂದು ಬೇಡಿಕೊಳ್ಳುತ್ತಿದ್ದೆವು. ಇಲಿ ಬಂದಿದೆಯೋ ನೋಡುವ ನೆಪದಲ್ಲಿ ಮಂಗಳಕ್ಕ ಆಗಾಗ ಏಣಿ ಹತ್ತಿ, ಮೇಲಿನ ಒಂದು ಕಾಯಿ ಎತ್ತಿ ಕಿವಿಗೊಡುತ್ತಿದ್ದಳು. "ಐತೆ ಕಣೇ, ಇನ್ನೂ ಐತೆ" ಎಂದು ಮೇಲಿನಿಂದ ಪಿಸುಗುಡುತ್ತಿದ್ದಳು. ನಾನು ಏಣಿ ಹಿಡಿದು ನಿಂತು ನಗುತ್ತಿದ್ದೆ.

ಆ ದೀಪಾವಳಿಗೆ ಗೊಬ್ಬರದ ಜೊತೆ ಬಂದ ಪುಸ್ತಕಗಳಲ್ಲಿ ಒಂದು ಪ್ರವಾಸಕಥನವಿತ್ತು. ಯಾರೋ ಒಬ್ಬ ಹೆಣ್ಣುಮಗಳು ರಾಜಸ್ಥಾನದ ಮರಳುಗಾಡಿನಲ್ಲಿ ನಡೆದು ಬರೆದದ್ದು. ನಾನು ಓದುತ್ತಿದ್ದೆ, ಮಂಗಳಕ್ಕ ಹೋದ ಸಲದ ಕೊಬ್ಬರಿಯಲ್ಲಿ ಉಳಿದದ್ದರ ಚೂರು ಕೆರೆಯುತ್ತಿದ್ದಳು. ಕಣ್ಣು ಹಾಯಿಸಿದ ಕಡೆಯೆಲ್ಲ ನೋಟ ತಡೆಯುವ ಒಂದು ಗಿಡವೂ ಇಲ್ಲ, ಸೂರ್ಯ ನೆಲಕ್ಕೆ ತಾಗಿ ಪೂರ್ತಿ ಮುಳುಗುವವರೆಗೂ ಕಾಣುತ್ತಾನೆ ಎಂಬ ಜಾಗ ಬಂತು. ಹೂಂ ನಿಂತಿತು. ನಾನೂ ನಿಲ್ಲಿಸಿದೆ.

"ಗಿರಿಜಾ, ನಾನು ಇದುವರ್ಗೂ ಸೂರ್ಯ ಮುಳುಗೋದು ನೋಡೇ ಇಲ್ವಲ್ಲೇ" ಅಂದಳು. "ನಮ್ಮೂರಲ್ಲಿ ಅವ್ನು ಮುಳುಗಲ್ಲ, ತೋಟದೊಳಕ್ಕೆ ಹೋಯ್ತಾನೆ ಅಷ್ಟೇ."

ನಿಜ. ಹುಟ್ಟಿದ್ದು ತುರುವೇಕೆರೆ ಕಡೆಯ ತೋಟದಲ್ಲಿ, ಬಂದು ಸೇರಿದ್ದು ತಿಪಟೂರು ಕಡೆಯ ತೋಟಕ್ಕೆ. ಅವಳ ಆಕಾಶವೆಲ್ಲ ಗರಿಗಳ ನಡುವಿನ ಚೂರುಗಳು.

"ಹೋಗಾನೇನೇ?" ಎಂದು ಕೇಳಿದಳು. ಕೈಯಲ್ಲಿ ಕೊಬ್ಬರಿ ಇತ್ತು, ಮುಖದಲ್ಲಿ ಎಂದೂ ಕಾಣದ ಒಂದು ಕಳೆ.

ತುಮಕೂರಿನ ಹಾಸ್ಟೆಲ್ಲಿನಲ್ಲಿದ್ದ ನನ್ನ ಮಗಳು ಮೊಬೈಲಿನಲ್ಲಿ ಹುಡುಕಿದಳು. ಸಂಕ್ರಾಂತಿ ಕಳೆದ ಮೇಲೆ ಜೈಸಲ್ಮೇರಿನ ಆಚೆ ಒಂದು ವಾರ ಮರಳಲ್ಲಿ ನಡೆಸುವ ತಂಡವೊಂದಿತ್ತು. ಅದರಲ್ಲಿ ನಮ್ಮಿಬ್ಬರ ಹೆಸರು ಬರೆಸಿಯೇಬಿಟ್ಟಳು. ಭಾವ ನಕ್ಕರು. "ಮರಳು ನೋಡಕ್ಕೆ ಅಷ್ಟು ದೂರ ಯಾಕ್ರವ್ವಾ? ನಮ್ಮ ಹಳ್ಳದಲ್ಲೇ ಟ್ರ್ಯಾಕ್ಟರ್‌ಗಟ್ಟಲೆ ಐತಲ್ಲ." ನನ್ನ ಗಂಡ ಅಣ್ಣನ ಮಾತಿಗೆ ತಲೆಯಾಡಿಸಿದರು. ಆಗ ಅವರಿಬ್ಬರ ನಡುವೆ ಅಷ್ಟು ಹೊಂದಾಣಿಕೆ. ಅತ್ತೆ ಮಾತ್ರ ಗಂಡುಮಕ್ಕಳ ಕಡೆ ನೋಡದೆ ನಮಗೆ ಹೇಳಿದರು. "ಹೋಗಿ ಬರ್ರಿ. ಗೋಡೆ ಎದ್ದ ಮ್ಯಾಲೆ ಇಬ್ರೂ ಒಟ್ಟಿಗೆ ಹೊಸ್ತಿಲು ದಾಟಕ್ಕೆ ಆಯ್ತದೋ ಇಲ್ವೋ, ಯಾರು ಕಂಡವ್ರೆ."

ತಯಾರಿಗೆಂದು ದಿನಾ ಬೆಳಿಗ್ಗೆ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ತೋಟ ದಾಟಿ ರಾಗಿ ಹೊಲಗಳ ಕಡೆ ನಡೆಯತೊಡಗಿದೆವು. ಎದುರಾದವರೆಲ್ಲ ಮರುಕದಿಂದ ನೋಡಿದರು. "ಯಾವಾಗಿಂದ ಶುಗರ್ರು ಕಣಮ್ಮಾ?" ಹೆಂಗಸರು ಸುಮ್ಮನೆ ನಡೆಯುವುದುಂಟೇ, ಡಾಕ್ಟರು ಹೇಳಿರಲೇಬೇಕು. ಮಂಗಳಕ್ಕ ಗಂಭೀರವಾಗಿ, "ಇಬ್ರಿಗೂ ಒಟ್ಟಿಗೇ ಬಂತು ಕಣವ್ವ" ಅನ್ನುತ್ತಿದ್ದಳು. ಊರಲ್ಲಿ ಕೆಲವರು ಹಾಗಲಕಾಯಿ ತಂದು ಕೊಟ್ಟರು.

ಹೊರಡುವ ದಿನ ಅತ್ತೆ ತಾವೇ ಅಟ್ಟದ ಕಾಯಿಗಳನ್ನು ಅಲ್ಲಾಡಿಸಿ ನೋಡಿ ಒಂದನ್ನು ಆರಿಸಿ ಕೊಟ್ಟರು. "ಒಂಚೂರು ನೀರೈತೆ. ನಡಿಗೆ ಮುಗಿದ ದಿನ ದೇವರ ಹೆಸರು ಹೇಳಿ ಒಡೀರಿ." ಮಂಗಳಕ್ಕ ಅದಕ್ಕೆ ಹಗ್ಗದ ಬಲೆ ಹೆಣೆದು ಬ್ಯಾಗಿನ ಹೊರಗೆ ನೇತುಹಾಕಿಕೊಂಡಳು. ಒಳಗಿನ ಜಾಗವೆಲ್ಲ ಪುಸ್ತಕಕ್ಕೆ ಬೇಕಿತ್ತು. ಆ ಪ್ರವಾಸಕಥನ, ಒಂದು ತೆಳ್ಳನೆಯ ಕಥಾಸಂಕಲನ, ಮತ್ತು ಈಗ ನನ್ನ ಕೈಜಾರಿದ ಈ ದಪ್ಪ ಕಾದಂಬರಿ. ಕಾಣೆಯಾದ ತಮ್ಮನನ್ನು ಹುಡುಕಿಕೊಂಡು ಊರೂರು ಅಲೆಯುವ ನರ್ಸ್ ಒಬ್ಬಳ ಕಥೆ. ಆಗಷ್ಟೇ ಅಚ್ಚಾಗಿ ಬಂದಿತ್ತು, ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಅರಸೀಕೆರೆಯಲ್ಲಿ ರೈಲು ಹತ್ತಿದ ಮೇಲೆ ನರ್ಸ್ ತನ್ನೂರು ಬಿಟ್ಟಳು. ಮಹಾರಾಷ್ಟ್ರ ದಾಟುವಾಗ ಅವಳು ತಮ್ಮನ ಗೆಳೆಯನನ್ನು ಕಂಡಳು. ಹೀಗೆ ನಮ್ಮ ಪ್ರಯಾಣ ಅವಳ ಪ್ರಯಾಣದ ಜೊತೆ ಸಾಗಿತು.

ಮರಳುಗಾಡನ್ನು ಮೊದಲ ಸಲ ಕಂಡಾಗ ಮಂಗಳಕ್ಕ ಖುಷಿಪಡಲಿಲ್ಲ, ಹೆದರಿದಳು. "ಇದೇನೇ ಇದು, ಒರಗಿಕೊಳ್ಳಕ್ಕೆ ಒಂದು ಮರಾನೂ ಇಲ್ಲ" ಎಂದು ನನ್ನ ಭುಜ ಹಿಡಿದುಕೊಂಡಳು. ತಂಡದಲ್ಲಿದ್ದವರೆಲ್ಲ ಎಳೆಯರು. ದಿಬ್ಬಗಳ ಮೇಲೆ ಓಡಿ ಫೋಟೋ ಹಿಡಿಯುತ್ತಿದ್ದರು. ನಾವು ಒಂದೊಂದು ಹೆಜ್ಜೆ ಎತ್ತಿ ಇಟ್ಟು, ಹಿಂದಕ್ಕೆ ಜಾರಿ, ಮತ್ತೆ ಎತ್ತಿ ಇಟ್ಟು ಸಾಗುತ್ತಿದ್ದೆವು. ಸಾಮಾನು ಹೊತ್ತ ಒಂಟೆಯನ್ನು ನಡೆಸುವ ಮುದುಕ ನಮ್ಮ ವೇಗಕ್ಕೆ ತಕ್ಕ ಜೊತೆಗಾರನಾದ. ಅವನಿಗೆ ಕನ್ನಡ ಬಾರದು, ಮಂಗಳಕ್ಕನಿಗೆ ಹಿಂದಿ ಬಾರದು. ಇಬ್ಬರೂ ಅವರವರ ಭಾಷೆಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ನನ್ನ ಹರಕು ಹಿಂದಿಯನ್ನು ಇಬ್ಬರೂ ಕೇಳಲಿಲ್ಲ. ಕುಡಿಯುವ ನೀರು ಎಷ್ಟಿದೆ ಎಂದು ಆತ ಕೇಳಿದರೆ ಮಂಗಳಕ್ಕ ಬಾಟಲಿಯ ಮುಚ್ಚಳ ತೆಗೆಯದೆ ಅದನ್ನು ಕಿವಿಗಿಟ್ಟು ಅಲ್ಲಾಡಿಸಿ, ಸಾಕಷ್ಟಿದೆ ಎಂದು ಕೈಯಲ್ಲಿ ತೋರಿಸುತ್ತಿದ್ದಳು. ಆತ ನಗುತ್ತಿದ್ದ. ತಿಪಟೂರಿನವರು ನೀರನ್ನು ಕಿವಿಯಿಂದ ನೋಡುತ್ತಾರೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಎರಡನೆಯ ಸಂಜೆಯೋ ಮೂರನೆಯದೋ, ಒಂದು ದಿಬ್ಬದ ನೆತ್ತಿಯಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಿದೆವು. ತಟ್ಟೆಯಷ್ಟಿದ್ದ ಸೂರ್ಯ ನೆಲ ಮುಟ್ಟಿದ, ಅರ್ಧವಾದ, ಉಗುರಿನಷ್ಟಾದ, ಹೋದ. ಮಂಗಳಕ್ಕನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಅದಕ್ಕೆ ಮರಳು ಅಂಟಿತ್ತು. "ಪೂರ್ತಿ ಹೋದ ಕಣೇ" ಅಂದಳು. ಆಮೇಲೆ, "ಇಲ್ಲಿ ಬದು ಎಲ್ಲೈತೆ ಅಂತ ಕೇಳು ಅವನ್ನ. ಯಾರ ಪಾಲು ಎಲ್ಲೀಗಂಟ ಅಂತ ಹೆಂಗೆ ಗೊತ್ತಾಗ್ತದೆ?" ಅಂದಳು. ನಾನು ಹರಕು ಹಿಂದಿಯಲ್ಲಿ ಕೇಳಿದೆ. ಮುದುಕ ದಿಬ್ಬವನ್ನೇ ತೋರಿಸಿ ಏನೋ ಹೇಳಿದ. ನನಗೆ ತಿಳಿದಷ್ಟರಲ್ಲಿ, ಹೋದ ವರ್ಷ ಈ ದಿಬ್ಬ ಇಲ್ಲಿರಲಿಲ್ಲ, ಮುಂದಿನ ವರ್ಷವೂ ಇರುವುದಿಲ್ಲ, ಇದರ ಮೇಲೆ ಬದು ಹಾಕುವ ಹುಚ್ಚ ಯಾರು ಎಂದು. ಮಂಗಳಕ್ಕನಿಗೆ ಅದನ್ನು ಹೇಳಿದೆ. ಅವಳು ಬಹಳ ಹೊತ್ತು ಮರಳನ್ನು ಅಂಗೈಯಲ್ಲಿ ತುಂಬಿ ತುಂಬಿ ಚೆಲ್ಲುತ್ತ ಕೂತಳು.

ಮಧ್ಯಾಹ್ನದ ಬಿಸಿಲು ಏರಿದಾಗ ನಡಿಗೆ ನಿಲ್ಲುತ್ತಿತ್ತು. ಎಲ್ಲೋ ಒಂದೊಂದು ಮುಳ್ಳುಮರ, ಅದರ ಚುಕ್ಕೆಚುಕ್ಕೆ ನೆರಳು. ಉಳಿದವರು ಟೋಪಿ ಮುಚ್ಚಿಕೊಂಡು ಮಲಗಿದರೆ ನಾವು ನರ್ಸನ್ನು ಎಬ್ಬಿಸುತ್ತಿದ್ದೆವು. ಗಾಳಿಗೆ ಮಾತು ಹಾರಿಹೋಗುತ್ತದೆಂದು ಗಂಟಲು ಎತ್ತಿ ಓದಬೇಕಿತ್ತು. ಒಂದು ದಿನ ನಡೆದು ದಣಿದಿದ್ದ ಮಂಗಳಕ್ಕ ತೂಕಡಿಸಿದಳು. ಹೂಂ ನಿಂತಿತು. ನಾನು ಪುಸ್ತಕ ಮಡಚುವಷ್ಟರಲ್ಲಿ ಹಿಂದಿನಿಂದ "ಹೂಂ" ಎಂದು ಕೇಳಿಸಿತು. ತಿರುಗಿದರೆ ಒಂಟೆಯ ಮುದುಕ. ಬೀಡಿ ಹಿಡಿದು ಕೂತು, ಮುಂದುವರಿಸು ಎಂದು ಕೈಸನ್ನೆ ಮಾಡಿದ. ಅವರ ಕಡೆಯೂ ಕಥೆಗೆ ಹೂಂಗುಡುವವನೊಬ್ಬ ಬೇಕೇ ಬೇಕಂತೆ, ಇಲ್ಲದಿದ್ದರೆ ಕಥೆ ಹೇಳುವುದಿಲ್ಲವಂತೆ. ಒಂದಕ್ಷರ ಅರ್ಥವಾಗದ ಕಾದಂಬರಿಗೆ ಆತ ಎಂಥ ಜಾಗದಲ್ಲಿ ಹೂಂ ಅಂದ ಅನ್ನುತ್ತೀರಿ! ಮಂಗಳಕ್ಕ ಎಚ್ಚರವಾಗಿ, ತನ್ನ ಕೆಲಸ ಬೇರೆಯವರು ಕಿತ್ತುಕೊಂಡರೆಂದು ಮುನಿಸಿಕೊಂಡಳು. ಆಮೇಲೆ ಇಬ್ಬರೂ ಪೈಪೋಟಿಗೆ ಬಿದ್ದು ಹೂಂಗುಟ್ಟಿದರು. ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿ ನಾನು ಇನ್ನೆಲ್ಲೂ ಓದಿಲ್ಲ.

ಕೊನೆಯ ದಿನದ ಮಧ್ಯಾಹ್ನ ನರ್ಸ್ ಒಂದು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ತಮ್ಮ ಅಲ್ಲಿರಬಹುದು, ಇಲ್ಲದಿರಬಹುದು. ಉಳಿದಿದ್ದದ್ದು ಕೊನೆಯ ಅಧ್ಯಾಯ. ನಾನು ಉಸಿರು ತೆಗೆದುಕೊಂಡು ಪುಟ ತಿರುಗಿಸಬೇಕು, ಮಂಗಳಕ್ಕ ಕೈ ಚಾಚಿ ಪುಸ್ತಕ ಮುಚ್ಚಿದಳು. ಕಥೆ ನಿಲ್ಲಿಸಿದರೆ ಕೆಂಡವಾಗುವ ಮಂಗಳಕ್ಕ!

"ಇದು ಗೋಡೆ ಎದ್ದ ಮ್ಯಾಲಕ್ಕಿರ್ಲಿ" ಅಂದಳು. "ಇದೊಂದು ಬಾಕಿ ಇದ್ರೆ ನೀನು ಬಂದೇ ಬತ್ತೀಯ. ಇಲ್ಲ, ನಾನು ಬತ್ತೀನಿ. ಒಬ್ಬೊಬ್ರೇ ಓದಂಗಿಲ್ಲ, ಹೂಂ ಅನ್ನು."

"ಹೂಂ" ಅಂದೆ.

ಆಮೇಲೆ ಕಾಯಿ ಒಡೆಯೋಣವೆಂದು ಬಲೆಯಿಂದ ಬಿಡಿಸಿದಳು. ಅಭ್ಯಾಸದಂತೆ ಕಿವಿಗಿಟ್ಟು ಅಲ್ಲಾಡಿಸಿದಳು. ಮತ್ತೊಮ್ಮೆ ಅಲ್ಲಾಡಿಸಿ ನನ್ನ ಕೈಗೆ ಕೊಟ್ಟಳು. ನೀರಿನ ಸದ್ದಿಲ್ಲ. ಗಡಗಡ, ಗಡಗಡ. ಬ್ಯಾಗಿನ ಹೊರಗೆ ಬಿಸಿಲಿಗೆ, ಒಣಗಾಳಿಗೆ ಒಡ್ಡಿಕೊಂಡು ವಾರವೆಲ್ಲ ತೂಗಾಡಿದ ಕಾಯಿ ಗಿಟುಕಾಗಿಬಿಟ್ಟಿತ್ತು. ಹುಟ್ಟಿನಿಂದ ಕಾಯಿಯ ಜೊತೆ ಬೆಳೆದ ನಮಗೆ ಅದನ್ನು ಬಟ್ಟೆಯಲ್ಲಿ ಸುತ್ತಿಡಬೇಕೆಂದು ಹೊಳೆದಿರಲಿಲ್ಲ. ನೀರಿಲ್ಲದ ಕಾಯಿಯನ್ನು ದೇವರಿಗೆ ಒಡೆಯುವಂತಿಲ್ಲ. ಊರಲ್ಲಿ ಅಟ್ಟದ ಮೇಲಿನ ಕಾಯಿಗಳೂ ಇಷ್ಟು ಹೊತ್ತಿಗೆ ಎಲ್ಲಿಗೆ ಬಂದಿರುತ್ತವೆಂದು ಇಬ್ಬರಿಗೂ ಗೊತ್ತಿತ್ತು. ಪುಸ್ತಕ ನನ್ನ ಬ್ಯಾಗಿಗೆ ಹೋಯಿತು, ಕಾಯಿ ಅವಳ ಬ್ಯಾಗಿಗೆ. ನಾವಿಬ್ಬರು ಮಾಡಿಕೊಂಡ ಪಾಲು ಅಷ್ಟೇ.

ಶಿವರಾತ್ರಿ ಕಳೆಯಿತು, ಕಾಯಿ ಇಳಿಯಿತು, ಇಟ್ಟಿಗೆ ಬಂತು. ಗೋಡೆ ಏಳುವಾಗ ಅತ್ತಲಿಂದ ಅವಳು, ಇತ್ತಲಿಂದ ನಾನು ಮೇಸ್ತ್ರಿಗೆ ಟೀ ಕೊಟ್ಟೆವು. ಅಟ್ಟದ ತೊಲೆಗಳು ಎರಡೂ ಮನೆಗೆ ಹಾಯ್ದಿದ್ದರಿಂದ ಮೇಸ್ತ್ರಿ ಅವನ್ನು ಮುಟ್ಟಲಿಲ್ಲ. ತೊಲೆಯ ಮೇಲೆ ಗೇಣುದ್ದದ ಜಾಗ ಹಾಗೇ ಬಿಟ್ಟು ಇಲಿಗೆಂದು ತಂತಿಬಲೆ ಹೊಡೆದ. ಒಲೆ ಬೇರೆಯಾದರೇನಂತೆ, ಹತ್ತು ಹೆಜ್ಜೆ ಸುತ್ತಿ ಬಂದರೆ ಆಯಿತಲ್ಲ ಎಂದುಕೊಂಡಿದ್ದೆ. ಹೊಸಮನೆಯ ಗದ್ದಲ ಮುಗಿಯಲಿ, ಕೊನೆಯ ಅಧ್ಯಾಯಕ್ಕೆ ಕೂರೋಣ ಎಂದು ಮಂಗಳಕ್ಕನೂ ಅಂದಿದ್ದಳು.

ಕೂರುವ ಮುಂಚೆಯೇ ಬದುವಿನ ಜಗಳ ಹತ್ತಿಕೊಂಡಿತು. ತೋಟದ ನಡುವಿನ ಬದುವಿನ ಮೇಲೊಂದು ಸಾಲು ತೆಂಗು. ಬುಡ ಅಣ್ಣನ ಕಡೆ, ವಾಲಿದ್ದು ತಮ್ಮನ ಕಡೆ. ಉದುರಿದ ಕಾಯಿ ಯಾರದು? ಪ್ರೀತಿ ಇದ್ದಾಗಲೇ ಬೇರೆಯಾದ ಅಣ್ಣತಮ್ಮ ಅಷ್ಟಕ್ಕೆ ಊರ ಮುಂದೆ ಕೈಕೈ ಮಿಲಾಯಿಸಲು ಹೋದರು. ಆವತ್ತಿನಿಂದ ಮಾತಿಲ್ಲ, ಕಥೆಯಿಲ್ಲ. ಅತ್ತೆಯೊಬ್ಬರೇ ಎರಡೂ ಬಾಗಿಲು ತುಳಿಯುತ್ತಿದ್ದವರು. ಒಂದು ದಿನ ಬಂದು ನನ್ನ ಹತ್ತಿರ ಕೂತು, "ದೊಡ್ಡೋನು ತನ್ನ ತಲೆ ಮ್ಯಾಲೆ ಅವ್ಳ ಕೈ ಇಕ್ಕಿಸ್ಕಂಡು ಆಣೆ ಮಾಡಿಸ್ಕಂಡವ್ನೆ ಕಣೇ. ಈ ಮನೆಯೋರ ಜೊತೆ ಒಂದು ಮಾತೂ ಆಡಂಗಿಲ್ಲ ಅಂತ" ಅಂದರು. ನನ್ನ ಗಂಡ ಆಣೆ ಹಾಕಿಸಲಿಲ್ಲ. ಹಾಕಿಸಿದರೂ ನಾನು ಉಳಿಸಿಕೊಳ್ಳುವವಳಲ್ಲ ಎಂದು ಅವರಿಗೆ ಗೊತ್ತು. ಮಂಗಳಕ್ಕ ಹಾಗಲ್ಲ. ಗಂಡನ ತಲೆ ಮುಟ್ಟಿ ಕೊಟ್ಟ ಮಾತು ಅವಳಿಗೆ ಕಬ್ಬಿಣದ ಬೇಲಿ. ನಲ್ಲಿಯ ಹತ್ತಿರ ಸಿಕ್ಕಾಗ "ಅಕ್ಕಾ" ಎಂದು ಕರೆದೆ. ಅವಳು ತಲೆ ತಗ್ಗಿಸಿ, ಕಣ್ಣು ತುಂಬಿಕೊಂಡು, ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದಳು. ಆಮೇಲೆ ಅವಳನ್ನು ಕರೆದು ನೋಯಿಸಬಾರದೆಂದು ನಾನೇ ಸುಮ್ಮನಾದೆ.

ಹೀಗೇ ಕೆಲವು ವರ್ಷ ಕಳೆದು, ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಹಾಸಿಗೆ ಹಿಡಿದಿದ್ದಾಗ ನನಗೆ ಹೇಳಿದ್ದರು. "ಮಂಗಳಿ ಓದೋದೇ ಬುಟ್ಟವ್ಳೆ ಕಣೇ. ಯಾಕೆ ಅಂದ್ರೆ, ಒಬ್ಳೇ ಓದಿದ್ರೆ ಗಂಟ್ಲಲ್ಲಿ ಇಳಿಯಲ್ಲ ಅಂತಾಳೆ." ನಾನಾದರೂ ಓದುತ್ತಿದ್ದೆ. ಆದರೆ ಪ್ರತಿ ಪುಟದ ಕೊನೆಗೂ ಕಿವಿ ಏನನ್ನೋ ಕಾಯುತ್ತಿತ್ತು. ಈ ಕಾದಂಬರಿಯನ್ನು ಮಾತ್ರ ಮುಟ್ಟಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ನರ್ಸ್ ಅಲ್ಲೇ ನಿಂತಿದ್ದಳು, ಪಾಪ.

ಮೊನ್ನೆ ಆ ಮರಳು ಉದುರಿದ್ದು ತಿಪಟೂರಿನ ಮಾರ್ಕೆಟ್ ದಿನ. ಅಣ್ಣತಮ್ಮ ಇಬ್ಬರೂ ಬೇರೆ ಬೇರೆ ಗಾಡಿಯಲ್ಲಿ ಒಂದೇ ರಸ್ತೆಯಲ್ಲಿ ಹೋಗಿದ್ದರು. ಮಧ್ಯಾಹ್ನ. ಆಚೆ ಮನೆಯಲ್ಲಿ ಮಂಗಳಕ್ಕ ಕಸ ಗುಡಿಸುತ್ತಿದ್ದಳು, ಪೊರಕೆಯ ಸದ್ದು ಬರುತ್ತಿತ್ತು. ನನಗೆ ಏನನ್ನಿಸಿತೋ, ಪುಸ್ತಕ ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿದೆ. ಕಾಯಿಗಳ ನಡುವೆ ಜಾಗ ಮಾಡಿಕೊಂಡು ತಂತಿಬಲೆಯ ಪಕ್ಕ ಕೂತೆ. ಅವಳು ಆಡುವಂತಿಲ್ಲ ಎಂದು ಆಣೆ ಇದೆ, ಕೇಳುವಂತಿಲ್ಲ ಎಂದು ಎಲ್ಲಿದೆ? ಇಷ್ಟು ಸಣ್ಣ ವಿಷಯ ಇಷ್ಟು ದಿನ ಹೊಳೆಯದ ನನ್ನ ಬುದ್ಧಿಗೆ ಏನು ಹೇಳಲಿ.

ಮರಳುಗಾಡಿನ ಗಾಳಿಗೆ ಓದುತ್ತಿದ್ದ ಹಾಗೆ ಗಂಟಲು ಎತ್ತಿ ಕೊನೆಯ ಅಧ್ಯಾಯ ಶುರುಮಾಡಿದೆ. ನರ್ಸ್ ಬಸ್‌ಸ್ಟ್ಯಾಂಡಿನ ಹೋಟೆಲ್ಲಿನವನಿಗೆ ತಮ್ಮನ ಫೋಟೋ ತೋರಿಸಿದಳು. ಪೊರಕೆಯ ಸದ್ದು ನಿಂತಿತು. ಮೊದಲ ಪುಟ ಮುಗಿಯಿತು. ನಿಯಮ ನಿಯಮವೇ. ನಾನು ನಿಲ್ಲಿಸಿದೆ.

ಆಚೆಯಿಂದ ಏನೂ ಇಲ್ಲ. ಹೆಂಚಿನ ಮೇಲೆ ಗುಬ್ಬಚ್ಚಿಯೊಂದು ಓಡಾಡಿತು. ಹೂಂ ಎಂದರೂ ಅದು ಮಾತೇ ತಾನೇ, ಅವಳು ಅನ್ನುವುದಿಲ್ಲ. ಅವಳು ಅಲ್ಲಿ ನಿಂತಿದ್ದಾಳೋ, ಕಣ್ಣೊರೆಸಿಕೊಂಡು ಹಿತ್ತಲಿಗೆ ಹೋದಳೋ ನನಗೆ ಹೇಗೆ ತಿಳಿಯಬೇಕು? ಪುಸ್ತಕದ ಅಕ್ಷರ ಮಂಜಾಯಿತು. ಇನ್ನು ಮುಚ್ಚಿ ಇಳಿಯೋಣ ಎಂದುಕೊಂಡೆ.

ಆಚೆ ಏಣಿ ಕಿರುಗುಟ್ಟಿತು. ನಿಧಾನವಾಗಿ ಒಂದೊಂದೇ ಮೆಟ್ಟಿಲು. ಆಮೇಲೆ ತಂತಿಬಲೆಯ ಆ ಬದಿಗೆ, ನನ್ನ ಕಿವಿಯ ಮಟ್ಟಕ್ಕೇ:

ಗಡಗಡ.

ಈ ವರ್ಷದ ಕಾಯಿಗೆ ಅಂಥ ಸದ್ದಿರುವುದಿಲ್ಲ, ಅದು ಮೆತ್ತಗೆ. ಇದು ವರ್ಷಗಳಿಂದ ಒಣಗಿ ಕಲ್ಲಾದ ಕೊಬ್ಬರಿ. ನಮ್ಮ ಸೀಮೆಯಲ್ಲಿ ಯಾವ ಮನೆಯವರೂ ಅಷ್ಟು ಹಳೆಯ ಕಾಯಿಯನ್ನು ಮಾರದೆ ಇಟ್ಟುಕೊಳ್ಳುವುದಿಲ್ಲ.

ಓದಿದೆ. ಪುಟದ ಕೊನೆಗೆ ಗಡಗಡ. ಹೋಟೆಲ್ಲಿನವನು ಸುಳ್ಳು ಹೇಳಿದಾಗ ಎಳೆದು ಎಳೆದು ಗಡ... ಗಡ. ನರ್ಸ್ ಅವನನ್ನು ನಂಬಿದಾಗ ಸಿಟ್ಟಿನಿಂದ ಒಂದೇ ಒಂದು ಗಡ್. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ, ದನಿ ಮಾತ್ರ ನಿಲ್ಲಿಸಲಿಲ್ಲ. ನರ್ಸ್ ಒಂದು ಓಣಿಗೆ ತಿರುಗಿದಳು. ಹಸಿರು ಬಾಗಿಲಿನ ಮುಂದೆ ನಿಂತಳು. ಚಿಲಕ ತಟ್ಟಿದಳು. ಒಳಗೆ ಯಾರೋ ಎದ್ದು ಬರುವ ಸದ್ದಾಯಿತು.

ಉಳಿದಿದ್ದದ್ದು ಒಂದೇ ಪುಟ. ನಾನು ಪುಸ್ತಕ ಮುಚ್ಚಿದೆ. ಮಾರ್ಕೆಟ್ ದಿನ ಮತ್ತೆ ಬರುತ್ತದಲ್ಲ.

ಆಮೇಲೆ ಶುರುವಾಯಿತು ನೋಡಿ, ಗಡಗಡಗಡಗಡಗಡ, ತಂತಿಬಲೆ ಅದುರುವ ಹಾಗೆ, ಅಟ್ಟದ ಧೂಳು ಉದುರುವ ಹಾಗೆ, ಉಸಿರು ತೆಗೆದುಕೊಳ್ಳದೆ ಗಡಗಡಗಡ. ಬಾಯಿ ಮುಚ್ಕೊಂಡು ಓದೇ!

ನಾನು ಕಾಯಿಗಳಿಗೆ ಒರಗಿ, ಕಣ್ಣು ಮುಚ್ಚಿ, ಕೇಳುತ್ತ ಕೂತೆ. ಎಷ್ಟು ದಿನವಾಗಿತ್ತು, ಮಂಗಳಕ್ಕನ ಕೈಲಿ ಬೈಸಿಕೊಂಡು.